ಕಲ್ಲಿನ ಹೊಳೆಗೆ ಬ್ರೇಡಾ, ನೈಲಾನಾ? ನನ್ನ ಅನುಭವ

ಸಕಲೇಶಪುರದ ಕಡೆ ಹೇಮಾವತಿಯಲ್ಲಿ ಗಾಳ ಹಾಕುವವರಿಗೆ ಬಂಡೆಗಳ ಕಾಟ ಗೊತ್ತೇ ಇರುತ್ತದೆ. ಬ್ರೇಡ್ ದಾರದಲ್ಲಿ (ಸಣ್ಣ ಎಳೆಗಳನ್ನು ಹೆಣೆದದ್ದು) ಗೆಂಡೆ ಮೀನು ಎರೆಹುಳ ಮುಟ್ಟಿದರೂ ಬೆರಳಿಗೆ ತಿಳಿಯುತ್ತಿತ್ತು. ಆದರೆ ಮೀನು ಕಲ್ಲಿನ ಸಂದಿಗೆ ನುಗ್ಗಿತೋ, ದಾರ ಪಟ್ ಅಂತ ಹೋಗುತ್ತಿತ್ತು. ತುಂಡಾದ ತುದಿ ಹತ್ತಿಯ ಹಾಗೆ ಎಳೆ ಎಳೆಯಾಗಿ ಬಿಚ್ಚಿಕೊಂಡಿರುತ್ತಿತ್ತು. ಭಾರಕ್ಕಲ್ಲ, ಉಜ್ಜಿ ಹೋಗಿದ್ದು.

ಆಮೇಲೆ ರೀಲಿಗೆ ನೈಲಾನ್ ಮೋನೋ, ಅಂದರೆ ಒಂದೇ ಎಳೆಯ ದಾರ, ಸುತ್ತಿದೆ. ಕಲ್ಲಿಗೆ ತಡೆಯಿತು, ಆದರೆ ಅದು ಹಿಗ್ಗುತ್ತದೆ ಅಲ್ವಾ? ದೂರ ಎಸೆದಾಗ ರಾಡ್ ಜಗ್ಗಿದರೂ ಗಾಳ ನೆಟ್ಟಗೆ ನಾಟುತ್ತಿರಲಿಲ್ಲ. ದಾರ ದಪ್ಪ ಇದ್ದದ್ದಕ್ಕೆ ಹರಿವು ಅದನ್ನು ತಳ್ಳಿ, ಸೀಸದ ಗುಂಡೂ ಜಾಗದಲ್ಲಿ ನಿಲ್ಲುತ್ತಿರಲಿಲ್ಲ.

ಕೊನೆಗೆ ಎರಡನ್ನೂ ಸೇರಿಸಿದೆ. ಸ್ಪೂಲ್ (ದಾರ ಸುತ್ತುವ ಉರುಳೆ) ತಳಕ್ಕೆ ಸ್ವಲ್ಪ ಮೋನೋ, ಇಲ್ಲದಿದ್ದರೆ ಬ್ರೇಡ್ ಜಾರುತ್ತದೆ. ಮೇಲೆ 20 ಪೌಂಡ್ ಭಾರ ತಡೆಯುವ ಬ್ರೇಡ್. ತುದಿಗೆ 2 ಮೀಟರ್‌ನಷ್ಟು 15 ಪೌಂಡ್ ಮೋನೋ ಲೀಡರ್, ಅಂದರೆ ಗಾಳ ಕಟ್ಟುವ ತುದಿ ದಾರ. ಲೀಡರ್ ಶಕ್ತಿ ಕಡಿಮೆಯೇ ಇರಲಿ. ಗಾಳ ಕಲ್ಲಿಗೆ ಸಿಕ್ಕಿಕೊಂಡರೆ ಅದು ತುಂಡಾಗುತ್ತದೆ, ದುಬಾರಿ ಬ್ರೇಡ್ ಉಳಿಯುತ್ತದೆ.

ಜೋಡಿಸಲು ಡಬಲ್ ಯೂನಿ ಗಂಟು (ಎರಡೂ ದಾರಕ್ಕೆ ಒಂದೊಂದು ಗಂಟು ಹಾಕಿ ಒಂದಕ್ಕೊಂದು ಎಳೆಯುವುದು) ಸಾಕು. ಮೋನೋ ಕಡೆ 5 ಸುತ್ತು, ಬ್ರೇಡ್ ಕಡೆ 8, ಯಾಕೆಂದರೆ ಬ್ರೇಡ್ ನುಣುಪು. ಎಂಜಲು ಹಚ್ಚಿಯೇ ಬಿಗಿಯಿರಿ. ಒಣ ಗಂಟನ್ನು ಜಗ್ಗಿದರೆ ಬಿಸಿಗೆ ನೈಲಾನ್ ಬಲ ಕಳೆದುಕೊಳ್ಳುತ್ತದೆ. ಬ್ರೇಡ್ ಹಿಗ್ಗದ ಕಾರಣ ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವ ರೀಲಿನ ಬಿಗಿ) ಸ್ವಲ್ಪ ಸಡಿಲ ಇಡಿ, ಇಲ್ಲದಿದ್ದರೆ ಮೀನಿನ ಬಾಯಿ ಹರಿಯುತ್ತದೆ. ಆಗಾಗ ಲೀಡರ್ ಮೇಲೆ ಬೆರಳಾಡಿಸಿ. ಒರಟಾಗಿದ್ದ ಭಾಗ ಕತ್ತರಿಸಿ ಗಾಳ ಮತ್ತೆ ಕಟ್ಟಿ.

ಕಲ್ಲಿಲ್ಲದ ಕೆರೆಗೆ ಹೋಗುವವರು ಸುಮ್ನೆ ಇಷ್ಟೆಲ್ಲ ಮಾಡಬೇಕಿಲ್ಲ. ಬರೀ ಮೋನೋ ಸಾಕು, ಅಗ್ಗ ಕೂಡ.