ಬಾಡಿಗೆ ಮನೆಯಲ್ಲಿ ಜಾಶಿಕಿ-ವರಾಶಿ: ಕಥೆ ಕಟ್ಟಿದ ಬಗೆ

ಜಪಾನಿನಲ್ಲಿದ್ದು ಕನ್ನಡದಲ್ಲಿ ಕಥೆ ಬರೆಯುವಾಗ ಅಲ್ಲಿನ ಜನಪದದ ಒಂಬತ್ತು ಬಾಲದ ನರಿಯತ್ತ ಕೈ ಹೋಗುವುದು ಸಹಜ. ನಾನು ರೂಪವನ್ನು ಬಿಟ್ಟು ಕಟ್ಟಳೆಯನ್ನು ಹುಡುಕುತ್ತೇನೆ. ಕಪ್ಪಾ ಎಂಬ ನೀರಿನ ಜೀವಿ ತಲೆಬಾಗಿದರೆ ನೆತ್ತಿಯ ನೀರು ಚೆಲ್ಲಿ ಬಲ ಉಡುಗುತ್ತದೆ. ಜಾಶಿಕಿ-ವರಾಶಿ ಎಂಬ ಮಗುವಿನ ರೂಪದ ಮನೆದೈವ ಇರುವವರೆಗೆ ಮನೆ ಏಳಿಗೆ ಕಾಣುತ್ತದೆ, ಹೊರಟರೆ ಮನೆತನ ಅಳಿಯುತ್ತದೆ. ವಲಸಿಗನ ಬದುಕು ಆ ಕಟ್ಟಳೆಗೆ ಎಲ್ಲಿ ತಾಗುತ್ತದೋ ಅಲ್ಲಿಂದ ಕಥೆ ಶುರು.

ಜನಪದ ವಿದ್ವಾಂಸ ಯಾನಗಿತಾ ಕುನಿಯೊ 1910ರಲ್ಲಿ ಪ್ರಕಟಿಸಿದ, ತೊನೊ ಎಂಬ ಊರಿನ ಕಥೆಗಳ ಸಂಗ್ರಹ ‘ತೊನೊ ಮೊನೊಗತಾರಿ’ಯಲ್ಲಿ 119 ಪ್ರಸಂಗಗಳಿವೆ. 17ನೆಯದರಲ್ಲಿ ತಾಯಿಯೊಬ್ಬಳು ಒಬ್ಬಳೇ ಹೊಲಿಯುತ್ತಿರುವಾಗ ಪಕ್ಕದ ಕೋಣೆಯಲ್ಲಿ ಕಾಗದ ಸರಸರ ಅನ್ನುತ್ತದೆ. ಹಲಗೆಯ ಬಾಗಿಲು ಸರಿಸಿದರೆ ಯಾರೂ ಇಲ್ಲ. ಮತ್ತೆ ಕೂತರೆ ಮೂಗು ಸೊರಗುಟ್ಟುವ ಸದ್ದು. ಅದು ಮನೆಯ ಯಜಮಾನನ ಕೋಣೆ, ಅವನು ಟೋಕಿಯೊಗೆ ಹೋಗಿದ್ದಾನೆ. ಊರು ಬಿಟ್ಟವನ ಖಾಲಿ ಕೋಣೆ ಮೂಲದಲ್ಲೇ ಇದೆ, ನಾವು ಹೊರಗಿನಿಂದ ಏನನ್ನೂ ತುರುಕಬೇಕಾಗಿಲ್ಲ! 18ನೆಯದರಲ್ಲಿ ಪೇಟೆಯಿಂದ ಮರಳುವವನಿಗೆ ಸೇತುವೆ ಬಳಿ ಗುರುತಿಲ್ಲದ ಇಬ್ಬರು ಹುಡುಗಿಯರು ಸಿಗುತ್ತಾರೆ, ತಾವು ಬಿಟ್ಟುಬಂದ ಮನೆಯ ಹೆಸರು ಹೇಳುತ್ತಾರೆ. ಆಮೇಲೆ ಆ ಮನೆಯ ಇಪ್ಪತ್ತಕ್ಕೂ ಹೆಚ್ಚು ಜನ ವಿಷದ ಅಣಬೆ ತಿಂದು ಒಂದೇ ದಿನ ಸಾಯುತ್ತಾರೆ.

ನನ್ನ ಕಥೆಯಲ್ಲಿ ಯಜಮಾನ ಟೋಕಿಯೊದಲ್ಲಿ, ಮನೆಯಲ್ಲಿ ಕನ್ನಡದ ಬಾಡಿಗೆದಾರ್ತಿ. ಸದ್ದು ಕೇಳುವುದು ಇವಳಿಗೆ, ಏಳಿಗೆ ಯಾರದು? ಮಗು ಹೊರಟದ್ದನ್ನು ಕಂಡರೆ ಯಜಮಾನನಿಗೆ ಫೋನ್ ಮಾಡಬೇಕೇ? ಕಥೆ ನಿಂತಿರುವುದು ಇಷ್ಟರ ಮೇಲೆ.

ಮನೆ ಹಳೆಯ ಮರದ್ದೇ ಆಗಬೇಕು. ಆರು ತತಾಮಿಯ (ನೆಲಕ್ಕೆ ಹಾಸುವ ಚಾಪೆ) ಕೋಣೆ, ಅಂದರೆ ಸುಮಾರು 10 ಚದರ ಮೀಟರ್. ನಡುವೆ ಕಾಗದ ಹಚ್ಚಿದ ಜಾರುಬಾಗಿಲು. ಕಾಂಕ್ರೀಟ್ ಫ್ಲ್ಯಾಟಿನ ಗೋಡೆಯಾಚೆ ಕಾಗದದ ಸದ್ದು ಕೇಳದು, ಕೇಳಿದರೂ ಓದುಗ ನೆರೆಮನೆಯವರದೆಂದುಕೊಳ್ಳುತ್ತಾನೆ. 2,500 ಪದಗಳ ಕಥೆಗೆ ಮೂರು ಸುಳಿವು ಸಾಕು: ಕಾಗದ, ಮೂಗು, ಕೊನೆಗೆ ಸೇತುವೆ. ನಾಲ್ಕನೆಯದು ಬಂದರೆ ಭಯ ತೆಳುವಾಗುತ್ತದೆ.

ಹೆಚ್ಚಾಗಿ ಕೆಡುವುದು ಎರಡು ಕಡೆ. ಒಂದು, ವಿವರಣೆ. ಕಟ್ಟಳೆಯನ್ನು ನಿರೂಪಕ ಹೇಳಿದರೆ ಪಾಠವಾಗುತ್ತದೆ. ಕಸ ವಿಂಗಡಿಸುವ ದಿನ ಯಾವುದೆಂದು ತಿಳಿಸುವ ನೆರೆಯ ಅಜ್ಜಿ ಅದೇ ಉಸಿರಿನಲ್ಲಿ ಇದನ್ನೂ ಹೇಳಲಿ. ಇನ್ನೊಂದು, ಮಾತು. ತೊನೊದ ಅಜ್ಜಿಗೆ ಧಾರವಾಡದ ಕನ್ನಡ ಕೊಟ್ಟರೆ ಓದುಗ ಧಾರವಾಡಕ್ಕೇ ಹೋಗಿಬಿಡುತ್ತಾನೆ. ಸರಳ ಕನ್ನಡ, ಗಿಡ್ಡ ವಾಕ್ಯ ಇಡಿ.

ಬೇರೆ ಊರಿನ ಪ್ರಸಂಗ ಬೇಕಿದ್ದರೆ ಕ್ಯೋಟೊದ ನಿಚಿಬುನ್‌ಕೆನ್ ಸಂಸ್ಥೆಯ ಯೋಕಾಯ್ (ಇಂಥ ವಿಚಿತ್ರ ಜೀವಿಗಳ) ದತ್ತಾಂಶ ಕೋಶವನ್ನು ಪ್ರಾಂತ್ಯವಾರು ಹುಡುಕಬಹುದು. ಪ್ರತಿ ನಮೂದಿನಲ್ಲಿ ಸ್ಥಳ, ಸಾರಾಂಶ, ಮೂಲ ಪತ್ರಿಕೆಯ ವಿವರ ಇರುತ್ತದೆ. ಸಾರಾಂಶ ಓದಿ ನಿಲ್ಲಿಸದೆ ಮೂಲಕ್ಕೇ ಹೋಗಿ. ಯಜಮಾನ ಟೋಕಿಯೊದಲ್ಲಿದ್ದ ಎಂಬಂಥ ಸಾಲು ಸಾರಾಂಶದಲ್ಲಿ ಉಳಿಯುವುದಿಲ್ಲ.