ಡೈಲೇಟರ್ ಕೈಯಲ್ಲಿತ್ತು, ಅಷ್ಟರಲ್ಲಿ...

ಐಸಿಯುನಲ್ಲಿ ರಾತ್ರಿ ಡ್ಯೂಟಿ. ಸೋಂಕು ತೀವ್ರವಾಗಿ ಸೆಪ್ಸಿಸ್ ಆಗಿ ರೋಗಿಯ ಬಿಪಿ 70ಕ್ಕೆ ಇಳಿದಿತ್ತು. ಅದನ್ನು ಏರಿಸುವ ನಾರ್‌ಅಡ್ರಿನಲಿನ್ ಕೊಡಲು ಸೆಂಟ್ರಲ್ ಲೈನ್ ಬೇಕಿತ್ತು, ಅಂದರೆ ದೊಡ್ಡ ವೀನ್‌ಗೆ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ) ಹಾಕುವ ಉದ್ದ ನಳಿಕೆ. ಅಲ್ಟ್ರಾಸೌಂಡ್ ಯಂತ್ರ ಬೇರೆ ವಾರ್ಡ್‌ನಲ್ಲಿತ್ತು. ತರಿಸಿಕೊಳ್ಳುವ ತಾಳ್ಮೆ ನನಗಿರಲಿಲ್ಲ.

ಕತ್ತಿನ ಬಲಗಡೆ ಕ್ಯಾರೋಟಿಡ್, ಅಂದರೆ ಹೃದಯದಿಂದ ತಲೆಗೆ ರಕ್ತ ಒಯ್ಯುವ ಆರ್ಟರಿಯ ಬಡಿತ ಹುಡುಕಿದೆ. ಅದರ ಹೊರಬದಿಗೆ ಸೂಜಿ ಚುಚ್ಚಿದೆ. ರಕ್ತ ಬಂತು. ಬಣ್ಣ ಕಪ್ಪಗಿತ್ತು, ಚಿಮ್ಮಲಿಲ್ಲ. ವೀನ್ ಸಿಕ್ಕಿತು ಅಂದುಕೊಂಡು, ನಳಿಕೆಗೆ ದಾರಿ ತೋರುವ ವೈರ್ ಹಾಕಿದೆ. ತೂತನ್ನು ದೊಡ್ಡದು ಮಾಡುವ ಡೈಲೇಟರ್ ಎತ್ತಿಕೊಂಡಾಗ ಹಿರಿಯ ನರ್ಸ್ ಮೆಲ್ಲಗೆ ಅಂದರು, “ಡಾಕ್ಟ್ರೇ, ರಕ್ತ ಸೂಜೀಲಿ ಕುಣೀತಾ ಇತ್ತಲ್ವಾ?”

ಕೈ ನಿಂತಿತು. ಬಿಪಿ ಬಿದ್ದಿದ್ದು ಆಕ್ಸಿಜನ್ನೂ ಕಡಿಮೆಯಿದ್ದರೆ ಆರ್ಟರಿಯ ರಕ್ತವೂ ಕಪ್ಪಗೆ, ನಿಧಾನವಾಗಿ ಬರುತ್ತದೆ. ಓದಿದ್ದೆ, ಆದರೆ ಆ ಹೊತ್ತಿಗೆ ಹೊಳೆಯಲಿಲ್ಲ. ವೈರ್ ಮೇಲೆ ಸಣ್ಣ ಕ್ಯಾನುಲಾ (ತೆಳು ನಳಿಕೆ) ಇಳಿಸಿ, ವೈರ್ ತೆಗೆದು, ಪ್ಲಾಸ್ಟಿಕ್ ಟ್ಯೂಬ್ ಜೋಡಿಸಿ ಮೇಲೆತ್ತಿ ಹಿಡಿದೆ. ವೀನ್ ಆಗಿದ್ದರೆ ರಕ್ತ ಸ್ವಲ್ಪ ಏರಿ ನಿಲ್ಲಬೇಕಿತ್ತು. ಇದು ಪ್ರತಿ ಬಡಿತಕ್ಕೂ ಏರುತ್ತಲೇ ಹೋಯಿತು. ಕ್ಯಾರೋಟಿಡ್!

ಕ್ಯಾನುಲಾ ತೆಗೆದು ಹದಿನೈದು ನಿಮಿಷ ಒತ್ತಿ ಹಿಡಿದೆ. ಸಣ್ಣ ತೂತು, ಮುಚ್ಚಿಕೊಂಡಿತು. ಡೈಲೇಟರ್ ಹೋಗಿದ್ದರೆ ಕಥೆಯೇ ಬೇರೆ. ಆಗ ಎಳೆದು ತೆಗೆಯಲೂ ಬಾರದು, ಹಾಗೇ ಬಿಟ್ಟು ವ್ಯಾಸ್ಕುಲರ್ (ರಕ್ತನಾಳದ) ಸರ್ಜನ್‌ರನ್ನು ಕರೆಯಬೇಕು. ಕತ್ತಿನ ಇನ್ನೊಂದು ಬದಿಗೆ ಹೋಗಲಿಲ್ಲ. ಎರಡೂ ಕಡೆ ರಕ್ತ ಕಟ್ಟಿ ಊದಿಕೊಂಡರೆ ಉಸಿರಿಗೇ ಕುತ್ತು. ಯಂತ್ರ ತರಿಸಿ ತೊಡೆಸಂದಿಯ ವೀನ್‌ಗೆ ಹಾಕಿದೆ.

ಈಗ ಯಂತ್ರವಿಲ್ಲದೆ ಸೂಜಿ ಮುಟ್ಟುವುದಿಲ್ಲ. ವೈರ್ ವೀನ್‌ನೊಳಗೇ ಇದೆ ಅಂತ ಅಡ್ಡಡ್ಡ, ಉದ್ದುದ್ದ ಎರಡೂ ಕಡೆಯಿಂದ ನೋಡದೆ ಡೈಲೇಟರ್ ಹಾಕುವುದಿಲ್ಲ. ವೈರ್ ಹಾಕುವಾಗ ಕಿವಿ ಮಾನಿಟರ್ ಕಡೆಗಿರುತ್ತದೆ. ಬೀಪ್ ತಾಳ ತಪ್ಪಿತೋ, ವೈರ್ ಹೃದಯ ತಟ್ಟಿತು ಅಂತ ಲೆಕ್ಕ, ಸ್ವಲ್ಪ ಹಿಂದಕ್ಕೆ ಎಳೆಯುತ್ತೇನೆ. ಕಾಲರ್ ಎಲುಬಿನ ಕೆಳಗೆ ಹಾಕಿದರೆ ಶ್ವಾಸಕೋಶಕ್ಕೆ ತೂತಾಗುವ ಭಯ ಜಾಸ್ತಿ, ಎಕ್ಸ್‌ರೇ ನೋಡದೆ ನಿದ್ದೆ ಬರುವುದಿಲ್ಲ.

ಲೈನ್ ತೆಗೆಯುವುದನ್ನು ಮಾತ್ರ ಎಲ್ಲರೂ ಹಗುರವಾಗಿ ನೋಡುತ್ತಾರೆ. ರೋಗಿಯನ್ನು ಕೂರಿಸಿಕೊಂಡು ಸುಮ್ನೆ ಎಳೆದರೆ ಆ ತೂತಿನಿಂದಲೇ ಗಾಳಿ ರಕ್ತನಾಳದೊಳಗೆ ಹೋಗಬಹುದು. ಮಲಗಿಸಿಯೇ ತೆಗೆಯಬೇಕು. ಲೈನ್ ಇದ್ದಷ್ಟು ದಿನ ಇನ್ಫೆಕ್ಷನ್ ಭಯ ಬೇರೆ ಇದೆ. ದಿನ ಬೆಳಗ್ಗೆ ರೌಂಡ್ಸ್‌ನಲ್ಲಿ ಕೇಳುತ್ತೇನೆ, “ಈ ಲೈನ್ ಇನ್ನೂ ಬೇಕಾ?”

ಕೊನೆಗೆ “ವೈರ್ ಹೊರಗೆ ಬಂತು, ಟ್ರೇಯಲ್ಲಿದೆ” ಅಂತ ಜೋರಾಗಿ ಹೇಳುತ್ತೇನೆ, ಮರೆತು ಒಳಗೇ ಬಿಟ್ಟುಬಿಡಬಾರದಲ್ಲ. ಹೊಸಬರು ನಗುತ್ತಾರೆ. ನರ್ಸ್ ಮಾತ್ರ ನಗದೆ ಟ್ರೇ ನೋಡಿ ತಲೆಯಾಡಿಸುತ್ತಾರೆ.