ಫೈಕಸ್ ಗಿಡ ತಂದ ವಾರಕ್ಕೇ ಎಲೆ ಉದುರಿಸ್ತಿದ್ಯಾ?

ಬಾಲ್ಕನಿಗೆ ಅಂತ ಮೊದಲ ಸಲ ಫೈಕಸ್ ಬೆಂಜಮಿನಾ ತಂದವರು ಗಾಬರಿಯಾಗಬೇಡಿ. ಇದು ಜಾಗ ಬದಲಾದರೆ ಮುನಿಸಿಕೊಳ್ಳೋ ಜಾತಿ. ನರ್ಸರಿಯ ಶೇಡ್‌ನೆಟ್ ಕೆಳಗೆ ಬೆಳೆದದ್ದನ್ನ ತಂದು ನೇರ ಮಧ್ಯಾಹ್ನದ ಬಿಸಿಲಿಗಿಟ್ರೆ ಹಸಿರೆಲೆಗಳೂ ಉದುರುತ್ತವೆ. ಆಗ ಎಲ್ಲರೂ ಮಾಡೋದು ನೀರು ಸುರಿಯೋದು. ಗಿಡ ಸಾಯೋದು ಹೆಚ್ಚಾಗಿ ಅದರಿಂದಲೇ.

ಕೊಂಬೆಯ ತೊಗಟೆಯನ್ನ ಉಗುರಲ್ಲಿ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದು ಹಾಲು ಜಿನುಗಿದರೆ ಜೀವ ಇದೆ ಅಂತಲೇ ಅರ್ಥ. (ಹಾಲು ತಾಗಿದ ಕೈ ತೊಳ್ಕೊಳ್ಳಿ, ಕೆಲವರಿಗೆ ತುರಿಸುತ್ತೆ.) ಬೆಳಗಿನ ಬಿಸಿಲು ಬೀಳೋ ಮೂಲೆಯಲ್ಲಿಟ್ಟು, ಆಮೇಲೆ ಅಲ್ಲಿಂದ ಕದಲಿಸಬೇಡಿ.

ತಂದ ದಿನವೇ ಕುಂಡ ಬದಲಿಸೋ ಆತುರ ಬೇಡ, ಎರಡು ಮೂರು ವಾರ ಹೋಗಲಿ. ಹೊಸ ಕುಂಡ ಹಳೆಯದಕ್ಕಿಂತ 2 ಇಂಚು ಅಗಲವಿದ್ದರೆ ಸಾಕು. ಬರೀ ಕೆಂಪು ಮಣ್ಣು ಒಣಗಿದರೆ ಗಟ್ಟಿಯಾಗಿ ಇಟ್ಟಿಗೆ ಆಗಿಬಿಡುತ್ತೆ. ಕಾಂಪೋಸ್ಟು, ಕೋಕೋಪೀಟು (ತೆಂಗಿನ ನಾರಿನ ಪುಡಿ) ಬೆರೆಸಿ.

ನಮ್ಮ ಕೋಲಾರದಲ್ಲಿ ನಿಜವಾದ ತಲೆನೋವು ಬೋರ್‌ವೆಲ್ ನೀರು. ಗೀಸರ್ ಕಾಯಿಲಿಗೆ ಹಿಡಿಯೋ ಬಿಳಿ ಪೊರೆ ಕುಂಡದ ಅಂಚಿಗೂ ಹಿಡಿಯುತ್ತೆ. ಸುಣ್ಣದಂಶ ಹೆಚ್ಚಿರೋ ಈ ಗಡಸು ನೀರನ್ನೇ ಕುಡಿದೂ ಕುಡಿದೂ ಗಿಡಕ್ಕೆ ಕಬ್ಬಿಣದಂಶ ಸಿಗದೆ, ನರ ಮಾತ್ರ ಹಸಿರಾಗಿ ಉಳಿದು ಚಿಗುರೆಲೆ ಹಳದಿಯಾಗುತ್ತೆ. ಮಳೆ ಬಂದಾಗ ಬಕೆಟ್ ಇಟ್ಟು ಹಿಡ್ಕೊಳ್ಳಿ, ಎಸಿಯಿಂದ ತೊಟ್ಟಿಕ್ಕೋ ನೀರೂ ಆಗುತ್ತೆ. ಆದರೆ ಆರ್‌ಒ ಯಂತ್ರ ಹೊರಬಿಡೋ ನೀರನ್ನ ಉಳಿತಾಯ ಅಂತ ಕುಂಡಕ್ಕೆ ಹಾಕಬೇಡಿ. ಅದರಲ್ಲಿ ಉಪ್ಪಿನಂಶ ಬೋರ್ ನೀರಿಗಿಂತ ಜಾಸ್ತಿ, ನೆಲ ಒರೆಸೋಕೆ ಇಟ್ಕೊಳ್ಳಿ.